ಪಾಪಣ್ಣನವರ ಹಂದರಕ್ಕೆ ಮರ ಆರಿಸಿದ್ದು

ಇವತ್ತು ಮಾಡಿದ ಕೆಲಸ ಇಷ್ಟು. ನಲ್ಲಿಯಲ್ಲಿ ನೀರು ಬಂತು, ಎರಡು ಡ್ರಮ್ಮು ತುಂಬಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹುರುಳಿಕಾಳು ನೆನೆಹಾಕಿದೆ. ನಮ್ಮ ಯಜಮಾನರ ಬಿಪಿ ಮಾತ್ರೆ ಮುಗಿದು ಎರಡು ದಿನವಾಗಿತ್ತು, ಮೆಡಿಕಲ್ ಅಂಗಡಿಗೆ ಹೋಗಿ ತಂದೆ. ಮುಗಿದೈತೆ ಅಂತ ಒಂದು ಮಾತು ಹೇಳಬಾರದೇನ್ರಿ ಅಂದರೆ, ನೀನು ನೋಡ್ಕೊಂಡಿರ್ತೀಯ ಅಂದ್ಕೊಂಡೆ ಕಣೇ ಅಂದರು. ಶೇಂಗಾ ಹುರಿದು, ಸಿಪ್ಪೆ ಊದಿ, ಚಟ್ನಿಪುಡಿ ಕುಟ್ಟಿದೆ. ಅದರಲ್ಲಿ ಅರ್ಧ ಡಬ್ಬಿಗೆ ಹಾಕಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅಲ್ಲಿ ಪಾಪಣ್ಣನವರ ಹಿತ್ತಲಿನ ಹಂದರ ನೋಡಿದೆ. ಸಂಜೆ ಮನೆಗೆ ಬಂದು ಒಣಗಿದ ಬಟ್ಟೆ ಮಡಿಸಿ, ಅಡುಗೆ ಮುಗಿಸಿದೆ. ಈಗ ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಹೆಸರು ಶಾರದಮ್ಮ. ಚಳ್ಳಕೆರೆಯ ಒಂದು ಸಾಮಿಲ್ಲಿನಲ್ಲಿ ಮರದ ಅಳತೆ ಬರೆಯುವ ಕೆಲಸಕ್ಕೆ ಸೇರಿದವಳು, ಮಂಡಿ ನೋವಿಗೂ ಸಾಮಿಲ್ಲು ಮುಚ್ಚುವುದಕ್ಕೂ ಸರಿಹೋಗಿ, ಹೋದ ವರ್ಷ ಮನೆಯಲ್ಲಿ ಕೂತೆ. ಸಾಮಿಲ್ಲಿದ್ದ ಜಾಗದಲ್ಲಿ ಈಗ ಪ್ಲೈವುಡ್ ಅಂಗಡಿ ಐತೆ. ಅಲ್ಲಿ ಬಿಲ್ಲು ಹಾಕುವ ಹೆಣ್ಣುಮಕ್ಕಳು ಇಬ್ಬರು ಮೊನ್ನೆ ಸಂತೆಯಲ್ಲಿ ಸಿಕ್ಕಿ, "ಅಕ್ಕ, ಹಿತ್ತಲಿಗೆ ಹಂದರ ಹಾಕ್ಬೇಕು, ಯಾವ ಮರ ಒಳ್ಳೇದು ಅಂತ ಕೇಳ್ತಾರೆ, ನಾವು ಏನು ಹೇಳೋದು?" ಅಂದರು. ರಸ್ತೆಯಲ್ಲಿ ನಿಂತು ಹೇಳುವ ಮಾತಲ್ಲ, ಬರೆದು ಕೊಡ್ತೀನಿ ಅಂದಿದ್ದೆ. ಬರೆಯುವುದಾದರೆ ಪಾಪಣ್ಣನವರ ಹಂದರವನ್ನೇ ಬರೆಯಬೇಕು. ಅದು ನಾನು ಮರ ಆರಿಸಿಕೊಟ್ಟ ಕೊನೆಯ ಕೆಲಸ. ಒಬ್ಬ ಹೆಂಗಸು ಕತ್ತಲೆ ಕೋಣೆ ಬಿಟ್ಟು ಬೆಳಕಿಗೆ ಬರುವುದೋ ಬಿಡುವುದೋ ಅನ್ನುವುದು ಆ ಹಂದರದ ಮೇಲೆ ನಿಂತಿತ್ತು. ಅಲ್ಲಿಗೆ ಹೋಗುವ ಮುಂಚೆ ಹಿಂದಿನದು ಸ್ವಲ್ಪ ಹೇಳಬೇಕು.

ನಾನು ಸೇರಿದಾಗ ನಮ್ಮ ಸಾಮಿಲ್ಲಿನಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಕೆಲಸ ಕಲಿಸಿದವರು ಗರಗಸದ ಮಿಸ್ತ್ರಿ ಖಾಸಿಂ ಸಾಬ್ರು. ಮೊದಲ ದಿನ ಟೇಪು ಕೈಯಲ್ಲಿ ಹಿಡಿದು ನಿಂತಿದ್ದೆ. ಅವರು ಟೇಪನ್ನು ಕಿತ್ತು ಬೆಂಚಿನ ಮೇಲಿಟ್ಟು, ಒಂದು ತುಂಡು ಮರ ಕೊಟ್ಟು, "ಮೂಸು ಬೇಟಿ" ಅಂದರು. ಮೂಸಿದೆ. "ಏನು ಬಂತು?" ಹುಳಿ ವಾಸನೆ ಅಂದೆ. "ಹಸಿ ಮರ. ಇದನ್ನ ಇವತ್ತು ಮಾರಿದ್ರೆ ನಾಳೆ ಜಗಳ." ಇನ್ನೊಂದು ತುಂಡು ಕೊಟ್ಟರು, ಅದರಲ್ಲಿ ಏನೂ ವಾಸನೆ ಇರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಅಂತ ಪಾತ್ರೆಯ ಸದ್ದು. "ಇದು ಒಣಗಿದ್ದು." ಆಮೇಲೆ ಎರಡರ ಕೊಯ್ದ ತಲೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ ತೋರಿಸಿದರು. ಒಳಗಡೆ ಕಪ್ಪಗೆ ಕಾಣುವುದು ಚೇಗು, ಮರದ ಗಟ್ಟಿ ಭಾಗ. ಸುತ್ತ ಬೆಳ್ಳಗೆ ಇರುವುದು ಹುಳುವಿನ ಊಟ. ಬಿಸಿಲು ಮಳೆಯಲ್ಲಿ ನಿಲ್ಲುವ ಕೆಲಸಕ್ಕೆ ಬಿಳಿ ಭಾಗ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ದುಬಾರಿಯೇ.

"ಇದೆಲ್ಲ ಆಮೇಲೆ," ಅಂದರು ಸಾಬ್ರು. "ಮೊದಲು ಗಿರಾಕಿನ ಕೇಳು. ಎಲ್ಲಿ ನಿಲ್ಲಿಸ್ತೀರಿ, ಕೆಳಗೆ ಯಾರು ಕೂರ್ತಾರೆ. ಮರ ಆಮೇಲೆ ತಾನೇ ಎದ್ದು ಬರ್ತೈತೆ."

ನಮ್ಮ ಸಾಹುಕಾರರಿಗೆ ಇಂಥ ಪುರಾಣ ಹಿಡಿಸುತ್ತಿರಲಿಲ್ಲ. ಕೆಟ್ಟವರಲ್ಲ, ಅವಸರದವರು. ಲೋಡು ಬಂದ ದಿನವೇ ಅರ್ಧ ಖಾಲಿಯಾಗಬೇಕು ಅವರಿಗೆ. ಒಮ್ಮೆ ಉಳ್ಳಾರ್ತಿ ಕಾವಲಿನ ಕಡೆಯ ರೈತರೊಬ್ಬರು ದನದ ಕೊಟ್ಟಿಗೆಗೆ ಮರ ಕೇಳಿಕೊಂಡು ಬಂದರು. ಆಗ ತಾನೇ ನೀಲಗಿರಿ ಲೋಡು ಇಳಿದಿತ್ತು. ನೋಡಲು ನೆಟ್ಟಗೆ, ಉದ್ದಕ್ಕೆ, ಬಾಳೆದಿಂಡಿನ ಹಾಗೆ ನುಣ್ಣಗೆ. ಸಾಬ್ರು ಹಸಿ ಐತೆ ಅಂದರು. ಸಾಹುಕಾರರು ಆ ರೈತರೆದುರಿಗೇ, "ದನಗೋಳಿಗೆ ಏನು ಗೊತ್ತಾಗ್ತೈತೆ ಸಾಬ್ರೆ, ಕೊಯ್ರಿ" ಅಂದರು. ಒಂದು ಬೇಸಿಗೆ ಕಳೆಯಿತು. ಆ ರೈತರು ಒಂದು ತೊಲೆಯನ್ನು ಹೆಗಲ ಮೇಲೆ ಹೊತ್ತುಕೊಂಡು ನಡೆದೇ ಬಂದರು. ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲವಂತೆ. ಅದನ್ನು ಆಫೀಸಿನ ಮುಂದೆ ಮಲಗಿಸಿದರು. ಅದು ಮಲಗಲೇ ಇಲ್ಲ. ಹಿಂಡಿದ ಪಂಚೆಯ ಹಾಗೆ ತಿರುಚಿಕೊಂಡು, ಒಂದು ತುದಿ ನೆಲಕ್ಕೆ, ಒಂದು ತುದಿ ಗಾಳಿಗೆ ನಿಂತಿತ್ತು. ಸಾಹುಕಾರರು ಅದನ್ನೇ ನೋಡುತ್ತ ಕೂತರು. ಕೊನೆಗೆ, "ಟೀ ತಗೊಳ್ರಿ" ಅಂದರು. ರೈತರು, "ಟೀ ಕುಡಿಯಾಕೆ ಬಂದಿಲ್ಲ. ಗಾಳಿ ಬಂದಾಗ ತಗಡು ಎದ್ದು ಒಂದು ಎಮ್ಮೆಯ ಬೆನ್ನು ಸೀಳೈತೆ. ಅದಕ್ಕೆ ಗೊತ್ತಾಯ್ತು ನೋಡ್ರಿ" ಅಂದರು. ಬೇರೆ ಮರ ಕೊಟ್ಟು ಕಳಿಸಿದೆವು. ಅಲ್ಲಿಂದ ಮುಂದೆ ಸಾಬ್ರು ಹಸಿ ಅಂದ ಮೇಲೆ ಸಾಹುಕಾರರು ಎರಡನೇ ಮಾತು ಆಡಿದ್ದು ನಾನು ಕಾಣೆ.

ಮರ ಸರಿಯಿದ್ದರೂ ಕೆಲಸ ಕೆಡುವುದುಂಟು. ಮ್ಯಾಸಬೇಡರ ಹಟ್ಟಿಯ ಹಿರಿಯರೊಬ್ಬರು ಕುರಿ ಕೂಡುವ ರೊಪ್ಪಕ್ಕೆ ಗಳ ತಗೊಂಡರು. ಅಳತೆ ಆಯಿತು, ಆರಿಸಿದ್ದೂ ಆಯಿತು. ನಮ್ಮವರು ಗಳಗಳನ್ನು ಕಟ್ಟು ಕಟ್ಟಿ ಗಾಡಿಯ ಹತ್ತಿರ ಇಟ್ಟರು. ಆ ಹಿರಿಯರು ದೂರದಲ್ಲೇ ನಿಂತರು. ಹತ್ತಿರ ಬರಲೊಲ್ಲರು, ಹೋಗಲೂ ಒಲ್ಲರು. ಏನಾಯ್ತ್ರಿ ಅಂತ ನಾನೇ ಹೋಗಿ ಕೇಳಿದೆ. "ಈಚಲ ಗರಿ ಹಗ್ಗ ಅವ್ವಾ ಅದು. ನಾವು ಮುಟ್ಟಂಗಿಲ್ಲ" ಅಂದರು, ಅಷ್ಟು ಮೆಲ್ಲಗೆ. ಅವರ ಹಟ್ಟಿಯಲ್ಲಿ ಈಚಲು ಮರ ಮುಟ್ಟುವ ಪದ್ಧತಿಯಿಲ್ಲ. ಬಿಚ್ಚಿಸಿ, ಗಳಗಳನ್ನೆಲ್ಲ ನೀರಿನಲ್ಲಿ ತೊಳೆಸಿ, ಪುಂಡಿನಾರಿನಲ್ಲಿ ಕಟ್ಟಿಸಿಕೊಟ್ಟೆ. ಅವರು ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ. ಬಿಸಿಲಲ್ಲಿ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದರು, ಅದು ನೆನಪಿದೆ.

ಆಮೇಲೆ ಕಾಲ ಬದಲಾಯಿತು. ಇಬ್ಬರು ಮೇಲೆ ಕೆಳಗೆ ನಿಂತು ಎಳೆಯುತ್ತಿದ್ದ ಗರಗಸ ಹೋಗಿ ಪಟ್ಟಿ ಗರಗಸದ ಮೆಷೀನು ಬಂತು. ಮತ್ತಿ, ಹೊನ್ನೆ ಕಡಿಮೆಯಾಗಿ ಪ್ಯಾಕಿಂಗಿನ ಪೈನ್ ಮರ ಬಂತು. ಖಾಸಿಂ ಸಾಬ್ರು ಹೋಗಿಬಿಟ್ಟರು. ಜನ ಮೊಬೈಲಿನಲ್ಲಿ ಫೋಟೋ ಹಿಡಿದು ಬರಲು ಶುರು ಮಾಡಿದರು. ಹಸಿರು ಹುಲ್ಲು, ನಾಲ್ಕು ಕಂಬ, ಮೇಲೆ ಪಟ್ಟಿ ಪಟ್ಟಿ, ಕೆಳಗೆ ಎರಡು ಕುರ್ಚಿ. "ಇದರ ಹೆಸರು ಪರ್ಗೋಲಾ ಮೇಡಂ, ನಾವೇ ಮಾಡ್ಕೊಂತೀವಿ, ಇದೇ ಮರ ಕೊಡ್ರಿ" ಅನ್ನುವರು. ನೋಡಿದರೆ ನಮ್ಮ ಹಂದರವೇ. ಫೋಟೋದಲ್ಲಿರುವುದು ಪೈನು. ಒಳ್ಳೆಯ ಮರ, ಮೊಳೆ ಹಿಡಿಯುತ್ತದೆ, ಹೊರಲು ಹಗುರ. ಆದರೆ ಅದಕ್ಕೆ ಔಷಧಿ ಕುಡಿಸಿರಬೇಕು. ನಮ್ಮಲ್ಲಿಗೆ ಬರುವುದು ಪೆಟ್ಟಿಗೆ ಒಡೆದ ಪೈನು. ಚಳ್ಳಕೆರೆಯ ಬಿಸಿಲಿಗೆ ಇಟ್ಟರೆ ಮೊದಲ ವರ್ಷ ಬೂದಿ ಬಣ್ಣ, ಎರಡನೇ ವರ್ಷ ಸೀಳು, ಆಮೇಲೆ ಗೆದ್ದಲು. ಇದನ್ನು ನಾನು ಯಾರಿಗೂ ಮುಚ್ಚಿಟ್ಟಿಲ್ಲ. ಕೆಲವರು ಕೇಳುತ್ತಿದ್ದರು, ಕೆಲವರು ಕೇಳದೆ ಫೋಟೋದ್ದೇ ಬೇಕು ಅಂತ ಒಯ್ಯುತ್ತಿದ್ದರು. ಎರಡು ಸಲ ಹೇಳುತ್ತಿದ್ದೆ, ಮೂರನೇ ಸಲ ಹೇಳುತ್ತಿರಲಿಲ್ಲ.

ಪಾಪಣ್ಣನವರು ಬಂದದ್ದು ಹೋದ ಬೇಸಿಗೆ, ಸಾಮಿಲ್ಲು ಮುಚ್ಚುತ್ತೇವೆ ಅಂತ ಸಾಹುಕಾರರ ಮಕ್ಕಳು ಹೇಳಿಯಾಗಿತ್ತು. ಅಂಗಳದಲ್ಲಿ ಅರ್ಧ ಮರವೂ ಇರಲಿಲ್ಲ. ಸಣಕಲು ಮೈ, ಮುಂದಕ್ಕೆ ಬಾಗಿದ ಬೆನ್ನು, ಕೈಬೆರಳು ಮಾತ್ರ ಬಲು ನಯ. ಮೊಳಕಾಲ್ಮೂರಿನ ನೇಕಾರರು ಅಂತ ಹೇಳದೆಯೇ ತಿಳಿಯುತ್ತಿತ್ತು.

"ಹಂದರಕ್ಕೆ ಮರ ಬೇಕಿತ್ತಮ್ಮ."

"ಯಾವ ಹಂದರ, ಮದುವೆಗಾ ಬಳ್ಳಿಗಾ?"

"ಎರಡಕ್ಕೂ ಅಲ್ಲ. ನಮ್ಮನೆಯಾಕಿಗೆ."

ಅವರ ಹೆಂಡತಿ ಗಂಗಮ್ಮ ಮಗ್ಗದ ಗುಂಡಿಯಲ್ಲಿ ಜಾರಿ ಬಿದ್ದಿದ್ದರು. ನೇಕಾರ ಕಾಲು ಇಳಿಬಿಟ್ಟು ಕೂರುವ ಗುಂಡಿ ಅದು, ಮೊಣಕಾಲಿನಷ್ಟು ಆಳ. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಮೂಳೆ ಕೂಡಿತು. ಕಾಲಿಗೆ ಬಲ ಬರಲಿಲ್ಲ. ಕೂತಲ್ಲಿಂದ ಕೈ ಊರಿ ಜರುಗುತ್ತಾರೆ, ಅಷ್ಟೇ. ಮಗ್ಗದ ಕೋಣೆಯ ಮೂಲೆಯಲ್ಲಿ ಕೂತು, ನೂಲು ಸುತ್ತಿದರೆ ಸುತ್ತಿದರು, ಇಲ್ಲದಿದ್ದರೆ ಗೋಡೆ ನೋಡುತ್ತಾರೆ.

"ಬಿಸಿಲು ನೋಡಿ ತಿಂಗಳುಗಟ್ಲೆ ಆತು," ಅಂದರು ಪಾಪಣ್ಣ. "ತಟ್ಟೆಯಾಗೆ ಅರ್ಧ ಬಿಡ್ತಾಳೆ. ಮಾತು ನಿಂತೈತೆ. ಡಾಕ್ಟ್ರು ಹೊರಗೆ ಕೂಡಿಸ್ರಿ, ಇಲ್ಲಾಂದ್ರೆ ಇವರು ಹಿಂಗೇ ಕರಗ್ತಾರೆ ಅಂದ್ರು. ಹೊರಗೆ ಎಲ್ಲಿ ಕೂಡಿಸ್ಲಿ? ಹಿತ್ತಲಾಗೆ ಒಂದು ಗಿಡ ಇಲ್ಲ. ಒಂದೂವರೆ ಅಡಿ ಅಗೆದ್ರೆ ಬಂಡೆ."

"ಒಬ್ಬ ಬಡಗೀನ ಕರೀರಿ. ಎರಡು ದಿನದ ಕೆಲಸ."

"ಇಲ್ಲಮ್ಮ. ಮದುವೆಯಾಗಿ ಬಂದಾಗ್ಲಿಂದ ನನ್ನ ಮಗ್ಗಕ್ಕೆ ಕಂಡಿಕೆ ಸುತ್ತಿ ಕೊಟ್ಟಾಳೆ. ಇದಕ್ಕೆ ಇನ್ನೊಬ್ಬರ ಕೈ ಹಚ್ಚಂಗಿಲ್ಲ ನಾನು."

ಕಂಡಿಕೆ ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ನಾನು ಎದ್ದು ಬೀಗದ ಕೈ ತಗೊಂಡೆ.

ಮೊದಲು ಅವರು ಕೈಯಿಟ್ಟದ್ದು ನೀಲಗಿರಿಗೆ. ನೆಟ್ಟಗೆ ಕಾಣುತ್ತದಲ್ಲ. ಬೇಡ ಅಂದೆ, ಎಮ್ಮೆಯ ಕಥೆ ಹೇಳಿದೆ. ಬಿದಿರು ತೋರಿಸಿದೆ. "ಅದು ಎರಡು ವರ್ಷಕ್ಕೆ ಪುಡಿ ಉದುರಿಸ್ತೈತೆ, ನೂಲಿನ ಮೇಲೆ ಬೀಳ್ತೈತೆ" ಅಂದರು. ಅದು ನನಗೆ ಹೊಳೆದಿರಲಿಲ್ಲ. ಗಂಗಮ್ಮ ಕೆಳಗೆ ಕೂತು ರೇಷ್ಮೆ ಸುತ್ತುವವರು, ಕುಟ್ಟೆ ಹುಳು ಬೀಳುವ ಮರ ಆಗದು. ಹೊಸ ತೇಗ ಇದ್ದುದರಲ್ಲಿ ಬಿಳಿ ಭಾಗವೇ ಹೆಚ್ಚಿತ್ತು. ಕೊನೆಗೆ ಅವರನ್ನು ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದೆ. ಹಳೆ ಮಾಳಿಗೆ ಮನೆ ಕೆಡವಿದಾಗ ಬಂದ ಮರ ಅಲ್ಲಿತ್ತು, ಕಮರ ಅನ್ನುವ ಗಟ್ಟಿ ಮರದ ಜಂತೆಗಳು. ಮಣ್ಣಿನ ಮಾಳಿಗೆಯನ್ನು ತಲೆಯ ಮೇಲೆ ಹೊತ್ತು ಎರಡು ಮೂರು ತಲೆಮಾರು ನಿಂತ ಮರ. ಹೊಗೆ ಕುಡಿದು ಕಪ್ಪಾಗಿತ್ತು. ತಿರುಚುವುದೆಲ್ಲ ಎಂದೋ ತಿರುಚಿ ಮುಗಿದಿತ್ತು, ಇನ್ನು ಅದು ಎತ್ತ ಕಡೆಯೂ ಹೋಗುವುದಿಲ್ಲ. ಗೆದ್ದಲು ಹಲ್ಲು ಹಾಕದು.

ಪಾಪಣ್ಣ ಒಂದರ ತಲೆ ಹಿಡಿದು ಎತ್ತಲು ನೋಡಿದರು. ಏಳಲಿಲ್ಲ. "ಅಬ್ಬ, ಕಬ್ಬಿಣ" ಅಂದರು.

"ಕಂಬಕ್ಕೆ ಮಾತ್ರ ಇದು. ನಿಲ್ಲಿಸುವಾಗ ಒಬ್ಬರನ್ನ ಕರ್ಕೊಳ್ರಿ. ಮೊಳೆ ನೇರ ಹೊಡೀಬೇಡಿ, ಬಗ್ತೈತೆ. ಮೊದಲು ಬೈರಿಗೆಯಲ್ಲಿ ತೂತು ಕೊರೀರಿ. ಮಣ್ಣಿನಾಗೆ ಹೋಗೋ ಬುಡ ಬೆಂಕಿಯಲ್ಲಿ ಸುಟ್ಟು ಡಾಂಬರು ಬಳೀರಿ."

ಮೇಲಿನ ಅಡ್ಡತೊಲೆಗೆ ಹಳೆಯ ಮತ್ತಿ, ಪಟ್ಟಿಗೆ ಹೆಂಚಿನ ಮನೆಯ ತೇಗದ ರೀಪು. ರೀಪು ಆರಿಸುವಾಗ ಅವರು ನನಗಿಂತ ಚುರುಕು. ಮಗ್ಗದ ಹಾಸಿನ ಉದ್ದೆಳೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ, ತುದಿಯಿಂದ ತುದಿಗೆ ನೋಡಿ, ಸೊಟ್ಟ ಇದ್ದದ್ದನ್ನು ಪಕ್ಕಕ್ಕೆ ಎಸೆದರು. ಆದರೆ ಗಂಟಿರುವ ಒಳ್ಳೊಳ್ಳೆಯ ರೀಪುಗಳನ್ನೂ ಎಸೆಯುತ್ತಿದ್ದರು.

"ಅದ್ಯಾಕ್ರಿ ಬಿಟ್ರಿ?"

"ಗಂಟೈತಲ್ಲಮ್ಮ."

"ಸೀರೇಲಿ ಗಂಟು ಬಂದ್ರೆ ನೀವು ಬಿಚ್ಚಿ ನೇಯ್ತೀರಿ. ಮರದ ಗಂಟು ಬಿಚ್ಚಾಕೆ ಬರಲ್ಲ. ಹೆಬ್ಬೆಟ್ಟಿಂದ ಒತ್ತಿ ನೋಡ್ರಿ. ಅಲ್ಲಾಡಿದ್ರೆ ಬಿಡ್ರಿ, ಗಟ್ಟಿ ಕೂತಿದ್ರೆ ತಗೊಳ್ರಿ."

ಒಂದೊಂದನ್ನೂ ಒತ್ತಿ ನೋಡಿ ಕೆಲವನ್ನು ವಾಪಸ್ ಎತ್ತಿಕೊಂಡರು. ಮನಸ್ಸಿಲ್ಲದ ಮನಸ್ಸಿನಿಂದ.

ಪಟ್ಟಿ ಎಷ್ಟು ಹತ್ತಿರ ಹಾಕಲಿ ಅಂತ ಕೇಳಿದರು. ಅವರ ಯೋಚನೆಯಲ್ಲಿ ಬಟ್ಟೆಯ ಹಾಗೆ ಒತ್ತಾಗಿ ಹಾಕುವುದಿತ್ತು. ಹಾಗೆ ಹಾಕಿದರೆ ಮತ್ತೊಂದು ಕತ್ತಲೆ ಕೋಣೆ ಕಟ್ಟಿದ ಹಾಗೆ ಅಂದೆ. ಅದು ಅವರಿಗೆ ನಾಟಿತು. ಪಟ್ಟಿಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಉತ್ತರ ದಕ್ಷಿಣವಾಗಿ ಹಾಯಿಸಿ ಅಂದೆ. ಬೆಳಗಿನ ಬಿಸಿಲೂ ಇಳಿಹೊತ್ತಿನ ಬಿಸಿಲೂ ಪಟ್ಟಿಯ ಮೈಗೆ ಬಡಿದು ನಿಲ್ಲುತ್ತದೆ, ಗಾಳಿ ಆಡುತ್ತದೆ. ನಡುಹಗಲಿಗೆ ಒಂದು ಬಳ್ಳಿ ಹಬ್ಬಿಸಿದರೆ ಆಯಿತು.

ಇನ್ನು ಕಂಬದ ಎತ್ತರ. ಅವರು ಟೇಪು ತಂದಿರಲಿಲ್ಲ. ಜೇಬಿನಿಂದ ರೇಷ್ಮೆಯ ಒಂದು ಎಳೆ ತೆಗೆದರು, ನಡುವೆ ಒಂದು ಗಂಟು. ಗಂಟಿನಿಂದ ಒಂದು ತುದಿಯವರೆಗೆ ನೆಲದ ಮೇಲೆ, ಇನ್ನೊಂದು ತುದಿಯವರೆಗೆ ನೆಲದೊಳಗೆ. ಅಳೆದೆ. ಒಟ್ಟು ಆರೂವರೆ ಅಡಿ.

"ಗಿಡ್ಡ ಆಗಲ್ವಾ?" ಅಂದೆ.

"ಇಲ್ಲಮ್ಮ. ಅದೇ ಜಾಗದಾಗೆ ಕೈ ಎತ್ತಿ ನೋಡೀನಿ. ಬೆರಳಿಗೆ ಸಿಗದಂಗೆ ಮೇಲೆ ಒಂದು ಗೇಣು ಬಿಟ್ಟು ಎಳೆ ಕತ್ತರ್ಸೀನಿ."

ಹಿತ್ತಲು ಮನೆಗಿಂತ ತಗ್ಗಿರಬೇಕು, ಕಂಬ ಕಟ್ಟೆಯ ಮೇಲೆ ನಿಲ್ಲಿಸುತ್ತಾರೇನೋ ಅಂದುಕೊಂಡೆ. ಅದೂ ಕೇಳಿದೆ. "ಅದೇ, ಅದೇ" ಅಂದರು, ಅವರ ಗಮನವೆಲ್ಲ ರೀಪಿನ ಮೇಲೆ. ಎಳೆಯ ಅಳತೆಗೆ ಕೊಯ್ಸಿ ಲಗೇಜ್ ಆಟೋಗೆ ಹಾಕಿಸಿದೆ. ಕೊಯ್ದ ಮರ ಉದ್ದ ಆಗುವುದಿಲ್ಲ. ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಮಾತು ಯಾವುದೂ ಇಲ್ಲ, ಹೆಣ್ಣುಮಕ್ಕಳಾ. ಆದಷ್ಟು ಉದ್ದವೇ ಕೊಟ್ಟು, ಅಲ್ಲಿ ನಿಲ್ಲಿಸಿದ ಮೇಲೆ ಕೊಯ್ಕೊಳ್ರಿ ಅನ್ನಿ.

ಸಾಮಿಲ್ಲು ಮುಚ್ಚಿತು. ನಾನು ಮನೆಯಲ್ಲಿ ಕೂತೆ. ಕೆಲವು ತಿಂಗಳು ಕಳೆದು, ಹೋದ ವಾರ ಪಾಪಣ್ಣನವರ ಫೋನು.

"ಅಮ್ಮ, ನಿಮ್ಮ ಮರ ಹಾಳು ಮಾಡ್ಬಿಟ್ಟೆ."

ಆಮೇಲೆ ಮೆಲ್ಲಗೆ ಹೇಳಿದರು. ಎಳೆಯನ್ನು ಅವರು ಅಳೆದದ್ದು ಕೂತುಕೊಂಡು. ಗಂಗಮ್ಮ ಕೂರಬೇಕಾದ ಜಾಗದಲ್ಲಿ ತಾವು ಕೂತು, ಕೈಯೆತ್ತಿ, ಮೇಲೆ ಒಂದು ಗೇಣು ಬಿಟ್ಟು. ಮಗ್ಗದ ಗುಂಡಿಯಲ್ಲೇ ಆಯುಷ್ಯ ಕಳೆದವರು, ಕೆಲಸದ ಅಳತೆ ಅಂದರೆ ಅವರಿಗೆ ಕೂತವರ ಅಳತೆ. ಎದ್ದು ನಿಂತರೆ ತಲೆ ಎಲ್ಲಿಗೆ ಬರುತ್ತದೆ ಅನ್ನುವುದು ಕಂಬ ನೆಟ್ಟು ಮಣ್ಣು ತುಂಬುವವರೆಗೂ ಹೊಳೆದಿಲ್ಲ. ಅಡ್ಡತೊಲೆ ಇವರ ಮೂಗಿಗೆ ಬಂದಿದೆ.

"ಓಣಿಯೋರೆಲ್ಲ ಬಂದು ನೋಡ್ತಾರೆ. ಕೋಳಿಗೂಡು ಕಟ್ಟೀಯೇನ್ಲೇ ಪಾಪಣ್ಣ, ಮೊಟ್ಟೆ ಯಾವಾಗ ಅಂತಾರೆ. ನಗ್ತೀನಿ ನಾನೂ. ಆದ್ರೆ ಆಕಿಗೆ ನೆಟ್ಟಗೊಂದು ನೆರಳು ಮಾಡಾಕೆ ಆಗ್ಲಿಲ್ಲಲ್ಲ."

"ಅವರು ಹೊರಗೆ ಬಂದ್ರಾ?"

"ಬರ್ತಾಳೆ. ಮುಂಜಾನೆ ಬಂದ್ರೆ ಸಂಜೀತನಕ ಅಲ್ಲೇ. ಆದ್ರೂ ಬಿಚ್ಚಿ ಎತ್ತರ ಮಾಡ್ತೀನಮ್ಮ. ಹೆಂಗೆ ಅಂತ ಹೇಳ್ರಿ."

ದಾರಿ ಇತ್ತು. ಕಂಬ ಕಿತ್ತು, ಗುಂಡಿಯಲ್ಲಿ ಕಲ್ಲುಕಂಬದ ತುಂಡು ನೆಟ್ಟು, ಅದರ ಮೇಲೆ ಮರ ಕೂರಿಸಿ ಕಬ್ಬಿಣದ ಪಟ್ಟಿ ಬಿಗಿದರೆ ಮೂರಡಿ ಎದ್ದು ಬರುತ್ತದೆ. ಫೋನಿನಲ್ಲಿ ಹೇಳಿದೆ. ಆದರೂ ನೋಡದೆ ಕೆಲಸ ಶುರುಮಾಡಬೇಡಿ, ನಾನೇ ಬರ್ತೀನಿ ಅಂದೆ. ಅದಕ್ಕೇ ಇವತ್ತು ಹೋದದ್ದು.

ಮನೆ ಓಣಿಯ ಕೊನೆಯಲ್ಲಿದೆ. ಒಳಗೆ ಮಗ್ಗದ ಸದ್ದು ಇರಲಿಲ್ಲ. ಪಾಪಣ್ಣ ಹಿತ್ತಲಲ್ಲಿ ಕಲ್ಲುಕಂಬದ ನಾಲ್ಕು ತುಂಡು ತಂದು ಮಲಗಿಸಿದ್ದರು. ಪಕ್ಕದ ಮನೆಯಿಂದ ಕೇಳಿ ತಂದ ಹಾರೆಯನ್ನು ಗೋಡೆಗೆ ಒರಗಿಸಿದ್ದರು. ಹಂದರ ಗಿಡ್ಡ ನಿಜ. ಆದರೆ ಕೆಲಸ ನೋಡಿ ನಾನು ಕಂಬದ ಮೇಲೆ ಕೈಯಾಡಿಸಿದೆ. ಕಂಬ, ಅಡ್ಡತೊಲೆಗೆ ಮೊಳೆ ಹೊಡೆದಿದ್ದರು, ನಾನು ಹೇಳಿದ ಹಾಗೆ ತೂತು ಕೊರೆದು. ಪಟ್ಟಿಗಳಿಗೆ ಮಾತ್ರ ಮೊಳೆಯೇ ಇಲ್ಲ. ಅಂಚಿನ ಮೇಲೆ ನಿಲ್ಲಿಸಿ, ಹುರಿ ಹಾಕಿ, ನೇಕಾರರ ಗಂಟಿನಲ್ಲಿ ಒಂದೊಂದನ್ನೂ ಬಿಗಿದಿದ್ದರು. ಸಂದುಗಳು ಬಾಚಣಿಗೆಯ ಹಲ್ಲಿನ ಹಾಗೆ ಒಂದೇ ಸಮ. ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ಹಾಕಿದ ತೊಂಡೆ ಬಳ್ಳಿ ಮೇಲೆಲ್ಲ ಹರಡಿತ್ತು.

"ಕೂತ್ಕೊಂಡು ಮಾತಾಡ್ತಿರ್ರಿ, ಟೀ ಪುಡಿ ತರ್ತೀನಿ" ಅಂತ ಪಾಪಣ್ಣ ಅಂಗಡಿಗೆ ಹೋದರು.

ಬಗ್ಗಿ ಒಳಗೆ ಹೋದೆ. ನನ್ನ ಮಂಡಿಗೆ ಅದು ಸುಲಭವಲ್ಲ. ಗಂಗಮ್ಮ ಚಾಪೆಯ ಮೇಲೆ ಕೂತು ಕಂಡಿಕೆ ಸುತ್ತುತ್ತಿದ್ದರು. ನನಗಿಂತ ಸ್ವಲ್ಪ ದೊಡ್ಡವರು. ಎಣ್ಣೆ ಹಚ್ಚಿ ತಲೆ ಬಾಚಿದ್ದರು. ಮಾತು ನಿಂತೈತೆ ಅಂದಿದ್ದರಲ್ಲ, ಅವರೇ ಮೊದಲು ಮಾತಾಡಿದರು.

"ಮರ ಕೊಟ್ಟೋರು ನೀವೇನಾ?"

"ಹೂನ್ರಿ. ಇವತ್ತು ಎತ್ತರ ಮಾಡೋದು ತೋರ್ಸೋಣ ಅಂತ ಬಂದೆ. ಇಲ್ಲಿ ತಲೆ ಎತ್ತಾಕೆ ಆಗಲ್ವಲ್ಲ."

ಅವರು ರಾಟೆ ನಿಲ್ಲಿಸಿದರು. ನನ್ನ ಮುಂಗೈ ಹಿಡಿದರು.

"ವದ್ದಮ್ಮ," ಅಂದರು. ಗಡಿಯ ಕಡೆಯವರು, ಮನಸ್ಸಿನ ಮಾತು ತೆಲುಗಿನಲ್ಲಿ ಬರುತ್ತದೆ. "ಬೇಡ. ಎತ್ತರ ಮಾಡಿಸಬೇಡ್ರಿ."

"ಯಾಕ್ರಿ?"

"ಅಲ್ಲಿ ನೋಡ್ರಿ."

ಬೆರಳು ತೋರಿಸಿದ ಕಡೆ ನೋಡಿದೆ. ಬಳ್ಳಿ ಇಳಿಬಿದ್ದ ಅಂಚು, ಅದರ ಕೆಳಗೆ ಹಿತ್ತಲ ನೆಲ, ಬಂಡೆ, ಆಚೆ ಒಂದಿಷ್ಟು ಆಕಾಶ. ಮತ್ತೇನೂ ಇಲ್ಲ.

"ಪಕ್ಕದೋರ ತಾರಸಿ ಕಾಣ್ತೈತಾ?"

"ಇಲ್ಲ."

"ಓಣಿ?"

"ಇಲ್ಲ."

"ಅವರಿಗೂ ನಾನು ಕಾಣಲ್ಲ." ಚಾಪೆಯ ಅಂಚು ಸರಿಮಾಡಿದರು. "ನಾನು ಬಾಗಿಲಿಂದ ಇಲ್ಲಿತನಕ ಹೆಂಗೆ ಬರ್ತೀನಿ ಗೊತ್ತಾ? ಕೂಸು ಬಂದಂಗೆ. ಮುಂಜಾನೆ ಯಾರೂ ಏಳೋಕೆ ಮುಂಚೆ ಬರ್ತೀನಿ, ಮಸುಕು ಬಿದ್ದ ಮೇಲೆ ಒಳಗೆ ಹೋಗ್ತೀನಿ. ನಡುವೆ ಇಲ್ಲಿ ಹೆಂಗೆ ಬೇಕಾದ್ರೂ ಜರುಗ್ತೀನಿ, ಹೊರಳ್ತೀನಿ. ನೋಡಬೇಕು ಅಂದ್ರೆ ಬಗ್ಗಿ ಒಳಗೆ ಬರಬೇಕು. ಬಗ್ಗಿ ಬಂದೋರು ಕೂತ್ಕೊಂತಾರೆ. ಕೂತ ಮೇಲೆ ಅವರೂ ನಾನೂ ಒಂದೇ. ಎತ್ತರ ಆದ್ರೆ ನಾನು ಇನ್ನು ಬರಂಗಿಲ್ಲ."

"ಇದನ್ನ ಪಾಪಣ್ಣನವರಿಗೆ ಹೇಳ್ಬೋದಿತ್ತಲ್ರಿ."

"ಹೆಂಗೆ ಹೇಳ್ಲಿ? ಹಿಂಗೆ ಬಿದ್ದು ಜರುಗೋದು ನನಗೆ ನಾಚಿಕೆ ಅಂದ್ರೆ, ನನ್ನ ಎತ್ಕೊಂಡು ಓಡಾಡ್ತಾರೆ. ಅವರ ಬೆನ್ನು ನೋಡೀರಲ್ಲ." ಮತ್ತೆ ರಾಟೆ ತಿರುಗಿಸಿದರು. "ನೀವು ಮರದೋರು. ನೀವು ಬೇಡ ಅಂದ್ರೆ ಕೇಳ್ತಾರೆ."

ಅಷ್ಟರಲ್ಲಿ ಪಾಪಣ್ಣ ಬಂದರು. ಟೀ ಪುಡಿ ಒಳಗಿಟ್ಟು, ಹಾರೆ ಹಿಡಿದುಕೊಂಡು, ಹಂದರದ ಹೊರಗೆ ನಿಂತು, "ಯಾವ ಕಂಬದಿಂದ ಶುರು ಮಾಡ್ಲಿ ಹೇಳ್ರಮ್ಮ" ಅಂದರು.

ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಮೊಣಕಾಲು, ಪಂಚೆ, ಹಾರೆಯ ಚೂಪು ಮಾತ್ರ. ಮರದ ಮೇಲೆ ನೆಪ ಹಾಕಿ ಹೇಳುವುದು ಸುಲಭವಿತ್ತು. ಈಗ ಬಿಚ್ಚಿದರೆ ಮೊಳೆಯ ತೂತು ಸಡಿಲವಾಗುತ್ತದೆ ಅನ್ನಬಹುದಿತ್ತು, ಕಲ್ಲು ಮರ ಒಂದಾಗುವುದಿಲ್ಲ ಅನ್ನಬಹುದಿತ್ತು. ಆ ಕಂಬಗಳಿಗೆ ಅಂಥದ್ದೇನೂ ಆಗುವುದಿಲ್ಲ ಅಂತ ನನಗೆ ಗೊತ್ತು. ಗಟ್ಟಿ ಮರವನ್ನು ಸಡಿಲ ಅಂತ ನಾನು ಯಾವತ್ತೂ ಹೇಳಿದವಳಲ್ಲ. ಗಂಗಮ್ಮನ ಮಾತನ್ನು ಅವರೆದುರಿಗೇ ಹೊರಗೆ ಹಾಕುವ ಹಾಗೂ ಇರಲಿಲ್ಲ.

"ಹಾರೆ ಅಲ್ಲಿಡ್ರಿ," ಅಂದೆ. "ಒಂದು ಸಲ ಒಳಗೆ ಬಂದು ಕೂತ್ಕೊಳ್ರಿ."

"ಕೂತಿದ್ದಕ್ಕೇ ಅಮ್ಮ ಇದು ಹಿಂಗಾಗಿದ್ದು."

"ಇರಲಿ, ಇನ್ನೊಂದು ಸಲ ಕೂತ್ಕೊಳ್ರಿ."

ಬಗ್ಗಿ ಬಂದರು. ಗಂಗಮ್ಮನ ಪಕ್ಕ ಕೂತರು. ಹಳೇ ಅಭ್ಯಾಸ, ಕೈ ತಾನಾಗಿ ಕಂಡಿಕೆಯ ಬುಟ್ಟಿಗೆ ಹೋಯಿತು. ರಾಟೆ ತಿರುಗುತ್ತಿತ್ತು. ಓಣಿಯಲ್ಲಿ ಯಾರೋ ಹೋಗುತ್ತ, "ಪಾಪಣ್ಣ, ಎಲ್ಲಿದ್ದೀಯಲೇ?" ಅಂತ ಕೂಗಿದರು. ಗೋಡೆಯ ಆಚೆಯಿಂದ ಹಿತ್ತಲಿನೊಳಗೆ ಇಣುಕಿರಬೇಕು, "ಇಲ್ಲೂ ಇಲ್ಲ" ಅಂದುಕೊಂಡು ಹೋದರು.

ಗಂಗಮ್ಮ ಸೆರಗಿನ ತುದಿ ಬಾಯಿಗೆ ಹಿಡಿದು ನಕ್ಕರು, ಸದ್ದಿಲ್ಲದೆ. ಪಾಪಣ್ಣ ಅವರ ಕಡೆ ತಿರುಗಿದರು. ಹೆಂಡತಿ ನಗುವುದನ್ನು ನೋಡಿದರು. ಬಳ್ಳಿಯ ಅಂಚು ನೋಡಿದರು. ಅದರ ಕೆಳಗೆ ಬಾಗಿಲಿನಿಂದ ಇಲ್ಲಿಯವರೆಗೆ ನೆಲದ ಮೇಲೆ ಜರುಗಿ ಜರುಗಿ ಸವೆದ ದಾರಿ ಕಾಣುತ್ತಿತ್ತು. ಅದನ್ನು ಬಹಳ ಹೊತ್ತು ನೋಡಿದರು.

"ಬಾಗಿಲಿಂದ ಇಲ್ಲಿಗೆ ನೆಲ ಒರಟು," ಅಂದರು, ನನಗಲ್ಲ, ಗಂಗಮ್ಮನಿಗೂ ಅಲ್ಲ. "ಅಷ್ಟುದ್ದಕ್ಕೂ ಮಣ್ಣು ಹಾಕಿ ಸೆಗಣಿ ಸಾರಿಸಿದ್ರೆ ಅಂಗೈ ನೋಯಲ್ಲ."

ಗಂಗಮ್ಮ ಸುತ್ತಿ ಮುಗಿದ ಕಂಡಿಕೆ ತೆಗೆದು ಅವರ ಕೈಯಲ್ಲಿಟ್ಟರು.

ಟೀ ಕುಡಿದೆ. ಚಟ್ನಿಪುಡಿ ಡಬ್ಬಿ ಕೊಟ್ಟೆ. ನಾನು ಹೊರಟಾಗ ಪಾಪಣ್ಣ ಹಾರೆ ಹೆಗಲಿಗೇರಿಸಿಕೊಂಡು ಪಕ್ಕದ ಮನೆಗೆ ವಾಪಸ್ ಕೊಡಲು ಹೋಗುತ್ತಿದ್ದರು. ಬಾಗಿಲಲ್ಲಿ ನಿಂತ ಪಕ್ಕದಾತ, "ಏನಪ್ಪಾ, ಕಿತ್ತಾಯ್ತಾ ಕೋಳಿಗೂಡು?" ಅಂದದ್ದು ಕೇಳಿಸಿತು.

"ಇಲ್ಲ ಕಣಪ್ಪ," ಅಂದರು ಪಾಪಣ್ಣ. "ಅಳತೆ ಸರಿ ಐತೆ."

ಬಸ್ಸಿನಲ್ಲಿ ಸೀಟು ಸಿಕ್ಕಿತು. ಮನೆಗೆ ಬಂದಾಗ ಯಜಮಾನರು ಹುರುಳಿಕಾಳು ಬೇಯಿಸಿ ಇಟ್ಟಿದ್ದರು, ಉಪ್ಪು ಹಾಕಿರಲಿಲ್ಲ. ರಾಗಿ ಮುದ್ದೆ ಮಾಡಿದೆ, ಹುರುಳಿ ಸಾರು ಕುದಿಸಿದೆ, ಈರುಳ್ಳಿ ಹೆಚ್ಚಿದೆ. ಇಬ್ಬರೂ ಹೊರಗಡೆ ಜಗಲಿಯ ಮೇಲೆ ಕೂತು ಉಂಡೆವು. ಎತ್ತರಿಸಿದ್ರಾ ಹಂದರ ಅಂತ ಕೇಳಿದರು. ಇಲ್ಲ ಅಂದೆ. ಯಾಕೆ ಅಂತ ಕೇಳುವಷ್ಟರಲ್ಲಿ ಅವರಿಗೆ ತೂಕಡಿಕೆ. ಮಾತ್ರೆ ಕೊಟ್ಟೆ, ನುಂಗಿದರು, ನನಗಿಂತ ಮೊದಲು ಮಲಗಿದರು.